ಗೌಡತಿಯ ಟ್ರ್ಯಾಕ್ಟರಿಗೆ ಬಿಡಿ ಸಾಮಾನು ಹುಡುಕಿದ್ದು

ಯಂತ್ರವೊಂದು ಕೆಟ್ಟು ನಿಂತಿತೆಂದರೆ ಅದರ ಸುತ್ತ ನಗುವಂಥ ಸಂಗತಿಗಳು ಒಂದರ ಹಿಂದೊಂದು ನಡೆಯುತ್ತಲೇ ಇರುತ್ತವೆ. ಆದರೆ ನಗುವವರು ಯಾವಾಗಲೂ ಯಂತ್ರ ಇಲ್ಲದವರು. ನಾನು ಯಂತ್ರ ಇದ್ದವರ ಕಡೆಯವನು, ಅಂದರೆ ಅದನ್ನು ನಡೆಸುವ ಡ್ರೈವರ್. ಹೀಗಾಗಿ ಆಗ ನನಗೆ ನಗು ಬಂದಿರಲಿಲ್ಲ. ಈಗ ನೆನೆದರೆ ಬರುತ್ತದೆ, ಆದರೆ ಪೂರ್ತಿ ಬರುವುದಿಲ್ಲ.

ಮೊದಲು ಟ್ರ್ಯಾಕ್ಟರಿನ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಇದು ನಿಜಾಮರ ಕಾಲದ ಮಾತು, ಎರಡನೆಯ ಲಡಾಯಿ ನಡೆದಿತ್ತು. ಲಡಾಯಿ ಎಂದರೆ ಯುದ್ಧ, ನಮ್ಮ ಕಡೆ ಹಾಗನ್ನುತ್ತಾರೆ. ಆಗಿನ ಟ್ರ್ಯಾಕ್ಟರಿಗೆ ಈಗಿನಂತೆ ರಬ್ಬರಿನ ಗಾಲಿ ಇರಲಿಲ್ಲ. ಕಬ್ಬಿಣದ ಗಾಲಿ, ಅದಕ್ಕೆ ಕಬ್ಬಿಣದ ಹಲ್ಲು. ಮುಂದೆ ಹ್ಯಾಂಡಲ್ ಹಾಕಿ ಕೈಯಿಂದ ತಿರುಗಿಸಬೇಕು. ಮೊದಲು ಸ್ವಲ್ಪ ಪೆಟ್ರೋಲಿನ ಮೇಲೆ ಶುರು ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಹೊರಳಿಸಬೇಕು. ಹೊರಳಿಸುವುದು ಮರೆತರೆ ಪೆಟ್ರೋಲು ಮುಗಿಯುತ್ತದೆ, ಬೇಗ ಹೊರಳಿಸಿದರೆ ಎಂಜಿನು ಕೆಮ್ಮುತ್ತದೆ. ಇಷ್ಟು ಗೊತ್ತಿದ್ದರೆ ಸಾಕು.

ಕಮಲಾಪುರದ ಒಬ್ಬ ಗೌಡರು ಇಂಥದೊಂದನ್ನು ಮುಂಬಯಿಯಿಂದ ತರಿಸಿದರು. ತಂದವರೇ ಮನೆಯ ಎತ್ತುಗಳನ್ನೆಲ್ಲ ಮಾರಿದರು, ಆಳುಗಳನ್ನು ಬಿಡಿಸಿದರು. ನಾನು ಕಲಬುರಗಿಯಲ್ಲಿ ಹತ್ತಿ ಜಿನ್ನಿನ ಎಂಜಿನು ನೋಡಿಕೊಳ್ಳುತ್ತಿದ್ದವನು, ನನ್ನನ್ನು ಕರೆದೊಯ್ದರು. ಮರುವರ್ಷದ ಬೇಸಿಗೆಯಲ್ಲಿ ಕಾಲರಾ ಬಂತು. ಮುಂಜಾನೆ ನನ್ನ ಸಂಗಡ ಟ್ರ್ಯಾಕ್ಟರಿಗೆ ಎಣ್ಣೆ ಬಿಟ್ಟ ಗೌಡರು ಸಂಜೆಗೆ ಇರಲಿಲ್ಲ. ಮಕ್ಕಳಿಲ್ಲ. ಹೆಂಡತಿ ಒಬ್ಬರೇ ಉಳಿದರು. ನಾವೆಲ್ಲ ಅವರನ್ನು ಗೌಡತಿ ಎನ್ನುತ್ತಿದ್ದೆವು.

ಗೌಡರಿಗೆ ಇಬ್ಬರು ತಮ್ಮಂದಿರು. ಎಂದೋ ಪಾಲಾಗಿ ಬೇರೆ ಇದ್ದವರು. ಅವರು ತಹಸೀಲಿಗೆ ಒಂದು ಅರ್ಜಿ ಹಾಕಿದರು: ವಿಧವೆಗೆ ಸಾಗುವಳಿ ಮಾಡುವುದಾಗುವುದಿಲ್ಲ, ಹೊಲ ಬೀಳು ಬೀಳುತ್ತದೆ, ನಮ್ಮ ತಾಬೆಗೆ ಕೊಡಿ. ಮಳೆ ಬಿದ್ದ ಮೇಲೆ ಗಿರ್ದಾವರ ಬಂದು ಕಣ್ಣಾರೆ ನೋಡಲಿ, ಹೊಲ ಬೀಳು ಇದ್ದರೆ ತಮ್ಮಂದಿರಿಗೆ, ಉತ್ತಿದ್ದರೆ ಗೌಡತಿಗೆ ಎಂದು ಹುಕುಂ ಆಯಿತು. ಗಿರ್ದಾವರ ಎಂದರೆ ಊರೂರು ತಿರುಗಿ ಹೊಲದ ಸ್ಥಿತಿ ನೋಡುವ ಸರ್ಕಾರದ ಅಧಿಕಾರಿ. ಊರಲ್ಲಿ ಗೌಡತಿಗೆ ಎತ್ತು ಕೊಡುವವರು ಯಾರೂ ಇರಲಿಲ್ಲ. ಕೊಟ್ಟವರಿಗೆ ನಮ್ಮ ಹೊಲದಾಗಿನ ದಾರಿ ಬಂದ್ ಎಂದು ತಮ್ಮಂದಿರು ಹೇಳಿಬಿಟ್ಟಿದ್ದರು. ಉಳಿದದ್ದು ಟ್ರ್ಯಾಕ್ಟರ್ ಒಂದೇ. ಅದು ಕೆಟ್ಟಿತ್ತು. ಲಡಾಯಿಯಿಂದ ವಿಲಾಯತಿ ಸಾಮಾನು ಬರುವುದು ನಿಂತಿತ್ತು. ಅಂದರೆ ಆ ಹೆಣ್ಣುಮಗಳ ಹೊಲ ಉಳಿಯುವುದೋ ಹೋಗುವುದೋ ಎಂಬುದು ನನ್ನ ಕೈಯಲ್ಲಿನ ಪಾನಾದ ಮೇಲೆ ನಿಂತಿತ್ತು. ಪಾನಾ ಎಂದರೆ ನಟ್ಟು ಬಿಚ್ಚುವ ಸಾಧನ.

ಸಮುದ್ರದ ಉಸುಕು

ಮೊದಲು ಒಡೆದದ್ದು ಫ್ಯಾನಿನ ಗಾಲಿ. ಎಂಜಿನಿನ ನೀರನ್ನು ತಣ್ಣಗಿಡಲು ಮುಂದೆ ಒಂದು ಫ್ಯಾನ್ ಇರುತ್ತದೆ, ಅದನ್ನು ತಿರುಗಿಸುವ ಗಾಲಿ ಅದು. ಒಡೆದ ತುಂಡುಗಳನ್ನು ಚೀಲದಲ್ಲಿ ಹಾಕಿಕೊಂಡು ಸರ್ವಿಸ್ ಮೋಟಾರಿನಲ್ಲಿ ಕಲಬುರಗಿಗೆ ಹೋದೆ. ಪೆಟ್ರೋಲು ಸಿಗದ ಕಾರಣ ಆಗ ಮೋಟಾರುಗಳು ಇದ್ದಿಲ ಹೊಗೆಯ ಮೇಲೆ ಓಡುತ್ತಿದ್ದವು. ಏರು ಬಂದಾಗ ಎಲ್ಲರೂ ಇಳಿದು ನೂಕಬೇಕಾಗಿತ್ತು, ಆದ್ದರಿಂದ ಓಡುತ್ತಿದ್ದವು ಎಂದದ್ದು ಸ್ವಲ್ಪ ಹೆಚ್ಚಾಯಿತು.

ಸ್ಟೇಶನ್ ಬಜಾರದ ಒಂದು ಸಂದಿಯಲ್ಲಿ ಹಳೆಯ ಮೋಟಾರು ಸಾಮಾನು ಮಾರುವ ಅಂಗಡಿ ಇತ್ತು. ಅಂಗಡಿಯವ ನನ್ನ ತುಂಡುಗಳನ್ನು ನೋಡಿ, "ಈ ಮಾಲ ನಮ್ಮ ಹತ್ರ ಅದ ರೀ. ಅಸಲಿ ವಿಲಾಯತಿ. ಆಖ್ರಿ ಪೀಸ್. ಲಡಾಯಿಗಿಂತ ಮೊದ್ಲ ಹಡಗಿನ್ಯಾಗ ಬಂದದ್ದು" ಎಂದ. ತುಂಡುಗಳನ್ನು "ತಾಳೆ ನೋಡ್ತೀನಿ" ಎಂದು ತೆಗೆದುಕೊಂಡು ಹಿಂದಿನ ಗೋಣಿ ಪರದೆಯೊಳಗೆ ಹೋದ. ನಾನು ಕೂತೆ. ಮಧ್ಯಾಹ್ನದ ಊಟ ಮಾಡಿ ಬಂದು ಮತ್ತೆ ಕೂತೆ. ಹಿಂದಿನಿಂದ ತಿದಿಯ ಸಪ್ಪಳ ಬರುತ್ತಿತ್ತು. ಪಕ್ಕದಲ್ಲಿ ಕಮ್ಮಾರರಿರಬೇಕು ಅಂದುಕೊಂಡೆ.

ಕೊನೆಗೆ ಒಂದು ಗೋಣಿ ಚೂರಿನ ಮೇಲೆ ಗಾಲಿಯನ್ನಿಟ್ಟುಕೊಂಡು ಬಂದ. ನಾನು ಕೈ ಹಚ್ಚಿದವನು ಬೆರಳು ಬಾಯಲ್ಲಿಟ್ಟುಕೊಂಡೆ.

"ಬಿಸಿ ಅದಲ್ರೀ ಇದು."

"ಹಡಗಿನ್ಯಾಗ ಸೆಖಿ ಭಾಳ ಇರ್ತದ ರೀ."

"ಹಡಗು ಬಂದು ವರ್ಷದ ಮ್ಯಾಲಾತು ಅಂತೀರಿ."

"ದಪ್ಪ ಕಬ್ಬಿಣ ರೀ. ಲಗೂನ ಆರೂದಿಲ್ಲ."

ಇಲ್ಲಿ ಒಂದು ಮಾತು ಹೇಳಬೇಕು. ಕಬ್ಬಿಣವನ್ನು ಎರಕ ಹೊಯ್ಯುವಾಗ ಉಸುಕಿನಲ್ಲಿ ಅಚ್ಚು ಮಾಡುತ್ತಾರೆ. ಹೊಸ ಎರಕವಾದರೆ ಮೂಲೆಗಳಲ್ಲಿ ಉಸುಕು ಅಂಟಿಕೊಂಡಿರುತ್ತದೆ. ನಾನು ಪಾನಾದಿಂದ ಗಾಲಿಯನ್ನು ಮೆಲ್ಲಗೆ ಬಡಿದೆ. ಒಂದು ಹಿಡಿ ಉಸುಕು ಉದುರಿತು. ನಾನು ಉಸುಕನ್ನು ನೋಡಿದೆ, ಅವನ ಮುಖ ನೋಡಿದೆ.

ಅವ ಸ್ವಲ್ಪವೂ ಅಳುಕಲಿಲ್ಲ. "ಸಮುದ್ರದ ದಂಡಿಯಿಂದ ಬಂದ ಮಾಲ ರೀ. ಉಸುಕು ಇರಲಾರ್ದ ಗುಲಾಬಿ ಹೂವಾ ಇರ್ತದೇನ್ರಿ?"

ಬೇರೆ ಕಡೆ ಸಿಗುವಂತಿರಲಿಲ್ಲ, ಆದ್ದರಿಂದ ಕೊಂಡೆ. ವಿಲಾಯತಿ ಮಾಲು ಕೈಗೆ ಹಿಡಿಯುವಷ್ಟು ಆರಲಿ ಎಂದು ಅಲ್ಲಿಯೇ ಎರಡು ಸಲ ಚಹಾ ಕುಡಿದೆ.

ಪರೀಕ್ಷೆ

ಗಾಲಿ ಕೂಡಿಸಿದೆ. ಆಗ ರಿಂಗುಗಳು ಸವೆದದ್ದು ಗೊತ್ತಾಯಿತು. ಪಿಸ್ಟನ್ ರಿಂಗ್ ಎಂದರೆ ನೋಡಲು ಒಂದು ಕಡೆ ಸೀಳಿದ ಬಳೆಯಂತೆ ಇರುತ್ತದೆ. ಬೀಡು ಕಬ್ಬಿಣದ್ದು. ತುಸು ಅಗಲಿಸಬಹುದು, ಹೆಚ್ಚು ಬಗ್ಗಿಸಿದರೆ ಗಾಜಿನ ಬಳೆಯಂತೆ ಮುರಿಯುತ್ತದೆ. ಇದು ನೆನಪಿರಲಿ.

ಸೊಲ್ಲಾಪುರ ಆಗ ಇಂಗ್ರೇಜರ ಕಡೆ. ಅಲ್ಲಿಯ ಒಬ್ಬ ಮಿಸ್ತ್ರಿಯ ಹತ್ತಿರ ಅಳತೆಗೆ ಸರಿ ಹೊಂದುವ, ಬೇರೆ ಯಾವುದೋ ಎಂಜಿನಿನ ರಿಂಗುಗಳು ಸಿಕ್ಕವು. ಅಂಗಿಯ ಒಳಗೆ ಹೊಟ್ಟೆಗೆ ಕಟ್ಟಿಕೊಂಡು ಬಂದೆ, ಕದಿಯಲಿಕ್ಕಲ್ಲ, ಮುರಿಯಬಾರದೆಂದು. ಸರಹದ್ದಿನಲ್ಲಿ ಸುಂಕದ ನಾಕೆ ಇತ್ತು. ಸುಂಕಕ್ಕೆ ಅವರು ಮಹಸೂಲ್ ಎನ್ನುತ್ತಿದ್ದರು. ನಾಕೆಯವರು ವಯಸ್ಸಾದ ಸಭ್ಯ ಮನುಷ್ಯರು. ನನಗೆ ಕೂಡಲು ಹೇಳಿ, ನೀರು ಕೊಟ್ಟು, ಗಂಟು ಬಿಚ್ಚಿಸಿದರು.

"ಯೇ ಕ್ಯಾ ಹೈ? ಕಡಾ ಹೈ ಕ್ಯಾ?" ಕೈಗೆ ಹಾಕುವ ಕಡಗವೋ ಎಂದು ಕೇಳಿದರು.

"ಇಲ್ರೀ ಸಾಹೇಬ್ರ, ಯಂತ್ರದ ರಿಂಗು. ಕಬ್ಬಿಣದ್ದು."

"ಕಬ್ಬಿಣ ಇದ್ರ ಬಗ್ತದ. ನೋಡೂಣು." ಎರಡೂ ಕೈಯಿಂದ ಹಿಡಿದು ಬಗ್ಗಿಸಿದರು. ಟಕ್ ಎಂದಿತು. ಅವರಿಗೆ ಆಶ್ಚರ್ಯವಾಯಿತು. "ಇದು ಖೊಟ್ಟಿ ಅದ. ಇನ್ನೊಂದು ತಾ."

"ಸಾಹೇಬ್ರ, ಅದರ ಜಾತೀನ ಹಂಗದ ರೀ. ಬಗ್ಗಿಸಬ್ಯಾಡ್ರಿ."

"ಠೈರೋ ಜೀ. ಒಂದು ಖೊಟ್ಟಿ ಇದ್ರ ಎಲ್ಲಾ ಖೊಟ್ಟಿ ಅನ್ನೂದು ಇನ್ಸಾಫ್ ಅಲ್ಲ." ಎರಡನೆಯದೂ ಟಕ್ ಎಂದಿತು. ನ್ಯಾಯವಂತರು, ಒಂದನ್ನೂ ಬಿಡಲಿಲ್ಲ. ಕಡೆಯದು ಮುರಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ಕಂಡು ಅವರಿಗೂ ಕೆಡುಕೆನಿಸಿರಬೇಕು. ತುಂಡುಗಳನ್ನೆಲ್ಲ ತಾವೇ ಆರಿಸಿ, ನನ್ನ ಟವೆಲ್ಲಿನಲ್ಲಿ ಗಂಟು ಕಟ್ಟಿ, ಬೆನ್ನ ಮೇಲೆ ಕೈಯಾಡಿಸಿದರು.

"ಅಳಬ್ಯಾಡ ತಮ್ಮಾ. ನಿನ್ನ ನಸೀಬ ಚಲೋ ಅದ. ಮುರದ ಮಾಲಿಗೆ ಮಹಸೂಲ್ ಇಲ್ಲ."

ಮಾತಾಡಿಸಲು ಹೋದದ್ದು

ನಮ್ಮದೇ ಕಂಪನಿಯ ಟ್ರ್ಯಾಕ್ಟರ್ ಸುತ್ತಮುತ್ತ ಇನ್ನೊಂದೇ ಇತ್ತು. ತಾಜಸುಲ್ತಾನಪುರದ ಒಬ್ಬ ಹಿರಿಯ ಸಾವಕಾರರದು. ಅದು ಎಂದೋ ಕೆಟ್ಟು ಹಿತ್ತಲಲ್ಲಿ ನಿಂತಿದ್ದರೂ ಅವರು ಒಂದು ನಟ್ಟನ್ನೂ ಯಾರಿಗೂ ಕೊಡುತ್ತಿರಲಿಲ್ಲ. ಅವರು ತೀರಿಕೊಂಡ ಸುದ್ದಿ ಬಂತು. ಸತ್ತವರ ಮನೆಗೆ ಹೋಗಿ ಮನೆಯವರ ದುಃಖ ಕೇಳಿ ಬರುವುದಕ್ಕೆ ನಮ್ಮಲ್ಲಿ ಮಾತಾಡಿಸಿ ಬರುವುದು ಎನ್ನುತ್ತಾರೆ. ಗೌಡತಿ ನನ್ನನ್ನು ಕರೆದರು.

"ನಾನೂ ಸಾವಿನ ಮನ್ಯಾಗ ಕೂತಾಕಿ. ಮೊದ್ಲ ಮಾತಾಡ್ಸು, ಆಮ್ಯಾಲ ರಿಂಗಿನ ಮಾತು ತೆಗಿ. ಹಿಂದ ಮುಂದ ಮಾಡಬ್ಯಾಡ" ಎಂದರು.

ಹೋದೆ. ಪಡಸಾಲೆಯ ಜಮಖಾನೆಯ ಮೇಲೆ ಕೆಲವರು ತಲೆ ತಗ್ಗಿಸಿ ಕೂತಿದ್ದರು. ಹಿಟ್ಟಿನ ಗಿರಣಿಯವರೊಬ್ಬರು, ಸರ್ವಿಸ್ ಮೋಟಾರಿನ ಡ್ರೈವರ್ ಒಬ್ಬ, ಇನ್ನೂ ಇಬ್ಬರು. ಸತ್ತವರ ಮಗ ಗೋಡೆಗೆ ಒರಗಿದ್ದ. ಒಳಬಾಗಿಲ ಹತ್ತಿರ ಅವನ ತಾಯಿ ಸೆರಗು ಮುಚ್ಚಿಕೊಂಡು ಕೂತಿದ್ದರು. ನಾನೂ ಕೂತೆ.

"ಭಾಳ ದೊಡ್ಡ ಜೀವ" ಎಂದರು ಗಿರಣಿಯವರು.

"ಇನ್ನ ಅಂಥವರು ಹುಟ್ಟೂದಿಲ್ಲ" ಎಂದ ಡ್ರೈವರ್.

"ಯಾವುದನ್ನೂ ಒಯ್ಯಲಿಲ್ಲ. ಎಲ್ಲಾ ಇಲ್ಲೇ ಬಿಟ್ಟು ಹ್ವಾದ್ರು" ಎಂದು ಗಿರಣಿಯವರು ಹಿತ್ತಲ ಕಡೆ ನೋಡುತ್ತ ನಿಟ್ಟುಸಿರು ಬಿಟ್ಟರು.

ನಾನು ತಾಯಿಗೆ ನಮಸ್ಕಾರ ಮಾಡಲು ಬಾಗಿದೆ. ಸೊಂಟದಲ್ಲಿ ಸಿಕ್ಕಿಸಿದ್ದ ಪಾನಾ ಜಾರಿ ಕಲ್ಲಿನ ಮೇಲೆ ಬಿದ್ದು ಟಣ್ ಎಂದಿತು. ನಾಚಿಕೆಯಿಂದ ನೆಲ ಸೀಳಲಿ ಅನಿಸಿತು. ಡ್ರೈವರ್ ನನಗೆ ಸಹಾಯವೆಂದು ಅದನ್ನು ಎತ್ತಲು ಬಾಗಿದ. ಅವನ ಕೋಟಿನಿಂದ ಎರಡು ಬಿದ್ದವು. ಗಿರಣಿಯವರು ಮಾತ್ರ ಬಾಗಲಿಲ್ಲ. ಧೋತರದಲ್ಲಿ ಸುತ್ತಿಗೆ ಇದ್ದವರು ಬಾಗುವ ಹಾಗಿರಲಿಲ್ಲ.

ಮಗ ಎಲ್ಲವನ್ನೂ ನೋಡಿದ. ಸಿಟ್ಟಾಗಲಿಲ್ಲ. ನಮ್ಮ ಹತ್ತಿರ ಸರಿದು ಸಣ್ಣ ದನಿಯಲ್ಲಿ, "ಮೊದ್ಲ ಎಲ್ಲಾರೂ ಒಂದೀಟು ಅಳ್ರಿ, ಅವ್ವ ನೋಡಾಕತ್ತಾಳ. ಆಮ್ಯಾಲ ಹಿತ್ತಲಕ್ಕ ಬರ್ರಿ" ಎಂದ.

ನಾವು ಅತ್ತೆವು. ನನಗಂತೂ ಸುಂಕದ ನಾಕೆಯ ನೆನಪಾಗಿ ನಿಜವಾಗಿಯೇ ಅಳು ಬಂತು. ಆಮೇಲೆ ಹಿತ್ತಲಿಗೆ ಹೋದೆವು. ಅಲ್ಲಿ ಟ್ರ್ಯಾಕ್ಟರಿನ ಎರಡು ಹಿಂದಿನ ಗಾಲಿ, ನಡುವೆ ಒಂದು ಕಬ್ಬಿಣದ ತೊಲೆ, ಅದರ ಮೇಲೆ ಕೂಡುವ ಆಸನ, ಇಷ್ಟೇ ಇತ್ತು. ಎಂಜಿನು ಇದ್ದ ಜಾಗದಲ್ಲಿ ಹಿತ್ತಲಿನ ಆಚೆಯ ಗೋಡೆ ಕಾಣುತ್ತಿತ್ತು.

"ಎಲ್ಲಾ ಮಣ್ಣು ಮಾಡಿದ ದಿನಾನೇ ಹೋತ್ರಿ" ಎಂದ ಮಗ. "ಅವತ್ತ ಬಂದವರು ಬರಿಗೈಲೆ ಹೋಗಲಿಲ್ಲ. ನೀವು ತಡಾ ಮಾಡಿ ಅತ್ರಿ."

ತೊಗಲಿನ ಪ್ಯಾಕಿಂಗ್

ಹಳೆಯ ರಿಂಗುಗಳನ್ನೇ ತಿರುವಿ ಹಾಕಿದೆ. ಆದರೆ ಎಂಜಿನು ಬಿಚ್ಚುವಾಗ ಪ್ಯಾಕಿಂಗ್ ಹರಿದುಹೋಗಿತ್ತು. ಎಂಜಿನಿನ ತಲೆಯ ಭಾಗ ಮತ್ತು ಮೈಯ ಭಾಗ ಕೂಡುವಲ್ಲಿ ನಡುವೆ ಹಾಕುವ ತೆಳುವಾದ ಹಾಳೆ ಅದು. ಅದಿಲ್ಲದಿದ್ದರೆ ಗ್ಯಾಸು ಹೊರಗೆ ಹೋಗುತ್ತದೆ. ಅಸಲಿ ಪ್ಯಾಕಿಂಗ್ ತಾಮ್ರದ್ದು. ತಾಮ್ರವೆಲ್ಲ ಲಡಾಯಿಗೆ ಹೋಗಿತ್ತು.

ಊರಲ್ಲಿ ಚಪ್ಪಲಿ ಹೊಲಿಯುವ ಅಣ್ಣನೊಬ್ಬನಿದ್ದ. ಒಳ್ಳೆ ಕೈ. ಅವನ ಹತ್ತಿರ ದಪ್ಪ ಎಮ್ಮೆ ತೊಗಲು ನೋಡಿ ನನಗೆ ವಿಚಾರ ಹೊಳೆಯಿತು. ಅವ ನಾನು ಹೇಳಿದ ಅಳತೆಗೆ ಕತ್ತರಿಸಿ, ತೂತು ಹೊಡೆದು ಕೊಟ್ಟು, "ಚಪ್ಲಿ ಆದ್ರ ಎರಡು ವರ್ಷ ಬಾಳ್ತದ ಅಂತ ಹೇಳ್ತೀನಿ. ನಿನ್ನ ಟ್ಯಾಕ್ಟರ್ ಬರಿಗಾಲಿಲೆ ಅಡ್ಡಾಡತದ, ಅದರದು ನನಗ ಗೊತ್ತಿಲ್ಲಪಾ" ಎಂದ.

ಕೂಡಿಸಿ ಹ್ಯಾಂಡಲ್ ತಿರುವಿದೆ. ಶುರುವಾಯಿತು. ಗೌಡತಿ ಬಾಗಿಲಿಗೆ ಬಂದು ಕೈ ಮುಗಿದರು. ಹಿಂದೆ ನೇಗಿಲು ಕಟ್ಟಿಕೊಂಡು ಹೊಲದ ಕಡೆ ಹೊರಟೆ. ಅಗಸಿ, ಅಂದರೆ ಊರಬಾಗಿಲು, ದಾಟುವ ಹೊತ್ತಿಗೆ ಎಂಜಿನು ಕಾಯ್ದು ತೊಗಲು ಸುಡತೊಡಗಿತು. ತೊಗಲು ಸುಟ್ಟರೆ ಯಾವ ವಾಸನೆ ಬರುತ್ತದೆಂದು ನಾನು ಮೊದಲೇ ವಿಚಾರ ಮಾಡಬೇಕಾಗಿತ್ತು. ಮೊದಲು ಒಂದು ನಾಯಿ ಬಂತು. ಬಾಲ ಅಲ್ಲಾಡಿಸುತ್ತ ಟ್ರ್ಯಾಕ್ಟರಿನ ಜೊತೆ ನಡೆಯಿತು. ಆಮೇಲೆ ಓಣಿಯವು ಬಂದವು, ಆಮೇಲೆ ಆಚೆ ಓಣಿಯವು. ಹೊಲ ಮುಟ್ಟುವಷ್ಟರಲ್ಲಿ ಕಮಲಾಪುರದ ನಾಯಿಗಳೆಲ್ಲ ನನ್ನ ಹಿಂದೆ ಮೆರವಣಿಗೆ ಬಂದಿದ್ದವು. ನಾನು ಬೇಲಿಯ ಬಾಯಿಂದ ಆಚೆಯ ತುದಿಗೆ ಹೋಗಿ, ನೇಗಿಲನ್ನು ನೆಲಕ್ಕೆ ಇಳಿಸಿ ನಾಲ್ಕು ಹೆಜ್ಜೆ ಮುಂದೆ ಹೋದೆ. ತೊಗಲು ಪೂರ್ತಿ ಉರಿದು, ಎಂಜಿನು ಒಮ್ಮೆ ಸೀನಿ ನಿಂತುಬಿಟ್ಟಿತು. ನಾಯಿಗಳು ಸುತ್ತಲೂ ಕೂತವು.

ಗೌಡತಿಯೂ ಹಿಂದೆಯೇ ನಡೆದು ಬಂದಿದ್ದರು. ಬದುವಿನ ಮೇಲೆ ಇಬ್ಬರೂ ಮೈದುನರು ನಿಂತಿದ್ದರು. ಸಣ್ಣವನು ನಗು ತಡೆಯದೆ ಅತ್ತಿಗೆಯನ್ನು ಕೇಳಿದ, "ವೈನಿ, ನಿಮ್ಮ ಟ್ಯಾಕ್ಟರ್ ಹೊಲಾ ಹೊಡೀಲಿಕ್ಕೆ ತಂದದ್ದೋ, ನಾಯಿ ಸಾಕಲಿಕ್ಕೆ ತಂದದ್ದೋ?"

ಗೌಡತಿ ನಾಯಿಗಳನ್ನು ನೋಡಿದರು. "ಇವರೇ ಬಂದಾರ, ಮೈದುನ. ಮನೀ ಮಂದಿ ಬರ್ಲಿಲ್ಲ" ಎಂದರು.

ಎಂಟು ಜೋಡಿ ಎತ್ತು

ಅಲ್ಲಿಗೆ ನನ್ನ ಕೈ ಸೋತಿತು. ಟ್ರ್ಯಾಕ್ಟರ್ ಹೊಲದಲ್ಲಿಯೇ ನಿಂತಿತು. ಆಮೇಲೆ ಒಳ್ಳೆ ಮಳೆ ಬಿತ್ತು. ಗಿರ್ದಾವರ ಬರುತ್ತಾನೆಂಬ ಸುದ್ದಿಯೂ ಬಂತು. ಗೌಡತಿ ನನ್ನನ್ನು ಕರೆದು, "ನೀ ಮಾಡೂದು ಮಾಡೀದಿ. ಮತ್ತ ಜಿನ್ನಿಗೆ ಹೋಗು, ಹೊಟ್ಟಿಪಾಡು ನೋಡ್ಕೋ. ನಾನು ತವರಿಗೆ ಹೋಗ್ತೀನಿ" ಎಂದರು. ತವರಿನಲ್ಲಿ ಯಾರೂ ಇಲ್ಲವೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಗಿರ್ದಾವರ ಬರುವ ದಿನ ಬೆಳಗು ಹರಿಯುವಾಗ ಕಡೆಯ ಸಲ ನೋಡಿ ಬರೋಣವೆಂದು ಹೊಲಕ್ಕೆ ಹೋದೆ. ಮೈದುನರು ಆಳುಗಳ ಸಮೇತ ಅಲ್ಲಿದ್ದರು. ಟ್ರ್ಯಾಕ್ಟರಿಗೆ ಎಂಟು ಜೋಡಿ ಎತ್ತು ಕಟ್ಟಿದ್ದರು. ಕಾರಣ ಇಷ್ಟೇ: ಹೊಲದೊಳಗೆ ನೇಗಿಲು ಕಟ್ಟಿದ ಟ್ರ್ಯಾಕ್ಟರ್ ನಿಂತದ್ದನ್ನು ಗಿರ್ದಾವರ ಕಂಡರೆ ಸಾಗುವಳಿ ನಡೆದಿದೆ ಎಂದುಕೊಂಡಾನು. ಅವನು ಬರುವುದರೊಳಗೆ ಎಳೆದೊಯ್ದು ತಮ್ಮ ಕೊಟ್ಟಿಗೆಯಲ್ಲಿ ಮುಚ್ಚಿಡಬೇಕು.

"ಲೇ ಡ್ರೈವರ್, ಚಲೋ ಬಂದಿ. ಮ್ಯಾಲ ಹತ್ತಿ ಚಕ್ರ ಹಿಡಿ" ಎಂದ ದೊಡ್ಡವನು. "ಹಿಂದಿನ ನೇಗಿಲು ಎತ್ತು."

"ಏಳೂದಿಲ್ರೀ. ಅವತ್ತ ಇಳಸೂ ಮುಂದ ಎತ್ತೂ ಖೀಲ ಮುರೀತು. ಹೊಸಾದು ಸಿಗಲಿಲ್ಲ. ಕಮ್ಮಾರ ಇಲ್ಲೇ ಬಂದು, ಅದು ಇಳದಲ್ಲೇ ಕಾಸಿ ಬಡದು ಕೂಡ್ಸ್ಯಾನ."

"ಹಂಗಾರ ನೇಗಿಲಾ ಬಿಚ್ಚಿ ಒಗಿ."

"ಅದರ ಬೋಲ್ಟೂ ಸಿಗಲಿಲ್ರೀ. ಅದನ್ನೂ ಬಡದಾನ."

ಸಣ್ಣವನಿಗೆ ಸಿಟ್ಟು ಬಂತು. "ಈ ಸುಡುಗಾಡಿನ್ಯಾಗ ಬಿಚ್ಚೂವಂಥಾದ್ದು ಏನರೆ ಅದ ಏನು?"

"ನನ್ನ ಅಂಗಿ ಒಂದ ರೀ."

ಅಷ್ಟು ಆಳುಗಳ ಮುಂದೆ ನಾನೊಬ್ಬ, ಹತ್ತಿ ಕೂತೆ. ಎತ್ತುಗಳನ್ನು ಹೊಡೆದರು. ಕಬ್ಬಿಣದ ಗಾಲಿ ಕಿರ್ರೆಂದು ಉರುಳಿತು. ಹಿಂದಿನ ನೇಗಿಲು ಹಸಿ ಎರೆಮಣ್ಣಿನಲ್ಲಿ ಇಳಿದು ಸಾಲು ಬಿಡುತ್ತ ಬಂತು. ಹೊಲದ ಸುತ್ತ ಮುಳ್ಳುಬೇಲಿ ಇತ್ತು, ಹೊರಗೆ ಹೋಗುವ ಬಾಯಿ ಆಚೆಯ ಮೂಲೆಯಲ್ಲಿತ್ತು. ಇಲ್ಲಿ ಎತ್ತುಗಳ ವಿಷಯ ಹೇಳಲೇಬೇಕು. ಎರೆ ಹೊಲವನ್ನು ಆಳವಾಗಿ ಉಳಲು ನಮ್ಮ ಕಡೆ ಒಂದು ದೊಡ್ಡ ನೇಗಿಲಿಗೆ ಎಂಟು ಜೋಡಿ ಎತ್ತು ಕಟ್ಟುವ ಪದ್ಧತಿ. ಇವು ಆ ಕೆಲಸದಲ್ಲಿಯೇ ಪಳಗಿದ ಎತ್ತುಗಳು. ಹಿಂದೆ ಭಾರ, ಮಗ್ಗುಲಲ್ಲಿ ಸಾಲು, ಎದುರಿಗೆ ಬದು ಬಂದರೆ ಏನು ಮಾಡಬೇಕೆಂದು ಅವಕ್ಕೆ ಯಾರೂ ಹೇಳಬೇಕಾಗಿಲ್ಲ. ಬದು ಬಂತು. ಮುಂದಿನ ಜೋಡಿ ತಾನಾಗಿಯೇ ಹೊರಳಿತು. ಹಿಂದಿನ ಏಳೂ ಜೋಡಿ ಹೊರಳಿದವು. ನಾನೂ ಚಕ್ರ ಹೊರಳಿಸಿದೆ, ಇಲ್ಲದಿದ್ದರೆ ಬೀಳುತ್ತಿದ್ದೆ. ಮೊದಲ ಸಾಲಿನ ಮಗ್ಗುಲಿಗೇ ಎರಡನೆಯ ಸಾಲು ಶುರುವಾಯಿತು.

"ಏ, ಎಲ್ಲಿ ಹೊಂಟ್ರಿ? ಸೀದಾ ಹೊಡೀರಿ" ಎಂದು ದೊಡ್ಡವನು ಕೂಗಿದ.

ಮುಂದಿನ ಜೋಡಿ ಹೊಡೆಯುವ ಮುದಿ ಆಳು ಹಿಂದೆ ತಿರುಗಿ ನೋಡಿ, "ಸೀದಾನೇ ಹೊಡ್ಯಾಕತ್ತೀನಿ ರೀ. ಸಾಲು ನೋಡ್ರಿ, ಗೆರಿ ಎಳದಂಗ ಬಂದದ" ಎಂದ.

ಒಂದೆರಡು ಸಲ ಎತ್ತುಗಳನ್ನು ಹಿಡಿದು ಎಳೆದರು. ಎಂಟು ಜೋಡಿ ಒಮ್ಮೆ ಮನಸ್ಸು ಮಾಡಿದ ಮೇಲೆ ಹಿಡಿಯುವವರು ಯಾರು? ಕೊನೆಗೆ ದೊಡ್ಡವನು, "ಹಂಗೇ ಹೋಗ್ಲಿ ಬಿಡ್ರಿ. ಸುತ್ತಿಗೊಂದು ಸಾಲು ಆಚಿ ಸರೀತಾವ. ಸುತ್ತು ಹಾಕಿಕೋತ ಮೂಲಿ ಮುಟ್ಟೂಣು" ಎಂದ. ಆ ಮೂಲೆ ಮುಟ್ಟಬೇಕೆಂದರೆ ಹೊಲವೆಲ್ಲ ಉತ್ತೇ ಮುಟ್ಟಬೇಕು ಎಂದು ಅವನಿಗೆ ಹೊಳೆಯುವಷ್ಟರಲ್ಲಿ ಅರ್ಧ ಹೊಲ ಮುಗಿದಿತ್ತು.

ಆಗ ಬೇಲಿಯ ಬಾಯಲ್ಲಿ ಗೌಡತಿ ಬಂದರು. ತಲೆಯ ಮೇಲೆ ಬುಟ್ಟಿ, ಕೈಯಲ್ಲಿ ಮಜ್ಜಿಗೆಯ ತಂಬಿಗೆ. ಊರಿನವರು ಸುದ್ದಿ ಮುಟ್ಟಿಸಿದ್ದರಂತೆ. ಜಗಳಕ್ಕೆ ಬಂದರೇನೋ ಅಂದುಕೊಂಡೆ. ಅವರು ಬೇವಿನ ಗಿಡದ ನೆರಳಲ್ಲಿ ಬುಟ್ಟಿ ಇಳಿಸಿ, ಭಕ್ರಿ, ಪುಂಡಿಪಲ್ಯ, ಖಾರ ಬಿಚ್ಚಿಟ್ಟರು. "ಮುಂಜಾನಿಂದ ದುಡ್ಯಾಕತ್ತೀರಿ. ಉಣ್ಣಬರ್ರಿ" ಎಂದರು. ನಮ್ಮಲ್ಲಿ ಉಳುವವರು ಯಾರ ಭಕ್ರಿ ಉಂಡರೋ ಉಳುಮೆ ಅವರದು. ಆಳುಗಳಿಗೆ ಇದು ಗೊತ್ತಿತ್ತು, ಆದರೆ ಹೊಟ್ಟೆ ಹಸಿದಿತ್ತು. ಕೂತು ಉಂಡರು.

ಅದೇ ಹೊತ್ತಿಗೆ ಗಿರ್ದಾವರ ಕುದುರೆಯ ಮೇಲೆ ಬಂದ. ಉತ್ತ ನೆಲ ನೋಡಿದ, ಎತ್ತು ನೋಡಿದ, ಉಣ್ಣುವವರನ್ನು ನೋಡಿದ.

"ಯಾರ ಹೊಲ ಇದು?"

"ನಂದ್ರಿ" ಎಂದರು ಗೌಡತಿ.

"ಇವರ್ಯಾರು?"

"ನನ್ನ ಮೈದುನರು ರೀ. ವೈನಿ ಒಬ್ಬಾಕಿ ಆಗ್ಯಾಳ ಅಂತ ಎತ್ತು ಕಟ್ಟಿಕೊಂಡು ಬಂದಾರ." ಹೀಗನ್ನುವಾಗ ಅವರ ಮುಖದಲ್ಲಿ ನಗು ಇರಲಿಲ್ಲ. ಅಂದವರೇ ತಂಬಿಗೆ ಎತ್ತಿ ದೊಡ್ಡವನಿಗೆ ಮಜ್ಜಿಗೆ ಬಗ್ಗಿಸಿ ಕೊಟ್ಟರು.

ಗಿರ್ದಾವರ ಮೈದುನರ ಕಡೆ ತಿರುಗಿದ. "ಅರ್ಜಿ ಹಾಕಿದವರೂ ನೀವ, ಹೊಲಾ ಹೊಡದವರೂ ನೀವ?"

ದೊಡ್ಡವನು ಬಾಯಿ ತೆರೆದ. ನಿಜ ಹೇಳಬೇಕೆಂದರೆ, ಮಂದಿಯ ಹೊಲದಿಂದ ಮಂದಿಯ ಟ್ರ್ಯಾಕ್ಟರ್ ಒಯ್ಯಲು ಬಂದಿದ್ದೆವು ಎಂದು ಸರ್ಕಾರದವನ ಮುಂದೆ ಹೇಳಬೇಕು. ತೆರೆದ ಬಾಯಿಗೆ ಮಜ್ಜಿಗೆ ಸುರಿದುಕೊಂಡ. ಸಣ್ಣವನು ಬೇರೇನೂ ತೋಚದೆ ಒಂದು ಭಕ್ರಿ ತೆಗೆದುಕೊಂಡ.

ಹೊಲ ಸಾಗುವಳಿಯಲ್ಲಿದೆ, ಗೌಡತಿಯ ತಾಬೆಯಲ್ಲಿಯೇ ಇರಲಿ ಎಂದು ಗಿರ್ದಾವರ ಎಲ್ಲರೆದುರು ಹೇಳಿದ. ಗೌಡತಿ ಸೆರಗಿನಿಂದ ಮುಖ ಮುಚ್ಚಿಕೊಂಡು ಗಿಡದ ಬುಡದಲ್ಲಿ ಕೂತುಬಿಟ್ಟರು. ಗಿರ್ದಾವರ ಟ್ರ್ಯಾಕ್ಟರ್ ಎಂಬುದನ್ನು ಅದೇ ಮೊದಲ ಸಲ ನೋಡುತ್ತಿದ್ದ. ಸುತ್ತ ತಿರುಗಿ, ಗಾಲಿ ಮುಟ್ಟಿ, ಮುಂದೆ ಕಟ್ಟಿದ ಎತ್ತುಗಳೂ ಯಂತ್ರದ ಭಾಗವೇ ಇರಬೇಕೆಂದು ತಿಳಿದನೋ ಏನೋ, ದೊಡ್ಡ ಮೈದುನನನ್ನು ಬಹಳ ಮರ್ಯಾದೆಯಿಂದ ಕೇಳಿದ, "ಭಾಳ ಚಲೋ ಮಷೀನು. ಸಪ್ಪಳಾನೇ ಇಲ್ಲ. ದಿನಕ್ಕ ಎಣ್ಣಿ ಎಷ್ಟು ಕುಡೀತದ?"

ದೊಡ್ಡವನು ಬಾಯಲ್ಲಿ ನೊರೆ ಬಿಡುತ್ತಿದ್ದ ತನ್ನ ಎತ್ತುಗಳನ್ನು ನೋಡುತ್ತ ಹೇಳಿದ, "ಎಣ್ಣಿ ಕುಡ್ಯೂದಿಲ್ರೀ. ಹಿಂಡಿ ತಿಂತದ, ಅದೂ ನಮ್ಮ ಮನೀದು."